ನ್ಯಾಯನಿಷ್ಠ ಥಾಮಸ್ ಮೋರ್

ಕಾನೂನು ಹುಟ್ಟಿದುದು ನ್ಯಾಯಕ್ಕಾಗಿ. ಬಲಶಾಲಿಯು ದುರ್ಬಲನನ್ನು ತುಳಿಯದಂತೆ, ಉಳ್ಳವನು ಇಲ್ಲದವನನ್ನು ಹಿಂಡದಂತೆ ಕಾಯುವುದೇ ಅದರ ಕೆಲಸ. ಆದರೆ ಕಾನೂನನ್ನು ರಚಿಸುವವರೂ ಮನುಷ್ಯರೇ; ಅವರಿಗೂ ರಾಗದ್ವೇಷಗಳುಂಟು, ಆಸೆ ಅಂಜಿಕೆಗಳುಂಟು. ಆದ್ದರಿಂದ ಕಾನೂನು ಒಂದು ದಾರಿಯನ್ನು ಹಿಡಿದು, ನ್ಯಾಯವು ಮತ್ತೊಂದು ದಾರಿಯನ್ನು ಹಿಡಿಯುವ ಸಂದರ್ಭಗಳು ಒಮ್ಮೊಮ್ಮೆ ಒದಗುತ್ತವೆ. ಕಾನೂನನ್ನು ಗೌರವಿಸುವ, ದೇವರನ್ನು ನಂಬಿದ ಮನುಷ್ಯನು ಆಗ ಏನು ಮಾಡಬೇಕು? ಈ ಪ್ರಶ್ನೆಯನ್ನು ಪ್ರಾಣವನ್ನೇ ಪಣವಾಗಿ ಒಡ್ಡಿ ಎದುರಿಸಿದವರಲ್ಲಿ ಇಂಗ್ಲೆಂಡಿನ ಸರ್ ಥಾಮಸ್ ಮೋರ್ ಪ್ರಮುಖನು. ಅವನು ವಕೀಲ, ನ್ಯಾಯಾಧೀಶ, ವಿದ್ವಾಂಸ, ಮಂತ್ರಿ. ಎಲ್ಲಕ್ಕಿಂತ ಮಿಗಿಲಾಗಿ ಅಂತಃಸಾಕ್ಷಿಗೆ ಅಂಜಿ ನಡೆದವನು.

ಮೋರನು ೧೪೭೮ರಲ್ಲಿ ಲಂಡನ್ ನಗರದ ಮಿಲ್ಕ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಜನಿಸಿದನು. ತಂದೆ ಜಾನ್ ಮೋರ್ ವಕೀಲನಾಗಿದ್ದು, ಮುಂದೆ ರಾಜನ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶನಾದನು. ಬಾಲಕ ಥಾಮಸನಿಗೆ ಸುಮಾರು ಹನ್ನೆರಡು ವರ್ಷವಾದಾಗ ತಂದೆಯು ಅವನನ್ನು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಾನ್ ಮಾರ್ಟನನ ಮನೆಯಲ್ಲಿ ಪರಿಚಾರಕನನ್ನಾಗಿ ಇರಿಸಿದನು. ದೊಡ್ಡವರ ಮನೆಯಲ್ಲಿ ಸೇವೆ ಮಾಡುತ್ತ ನಡೆನುಡಿಗಳನ್ನು ಕಲಿಯುವುದು ಆ ಕಾಲದ ಪದ್ಧತಿ. ಕ್ರಿಸ್‌ಮಸ್ ಹಬ್ಬದಲ್ಲಿ ಅಲ್ಲಿ ನಾಟಕಗಳು ನಡೆದಾಗ ಈ ಹುಡುಗನು ಥಟ್ಟನೆ ನಟರ ನಡುವೆ ನುಗ್ಗಿ, ಆ ಕ್ಷಣದಲ್ಲಿ ತೋಚಿದ ಮಾತುಗಳನ್ನಾಡಿ ಎಲ್ಲರನ್ನೂ ನಗಿಸುತ್ತಿದ್ದನಂತೆ. ಇವನು ಮುಂದೆ ಅಸಾಧಾರಣ ಪುರುಷನಾಗುವನೆಂದು ಆರ್ಚ್‌ಬಿಷಪ್ಪನು ತನ್ನ ಅತಿಥಿಗಳೊಡನೆ ಹೇಳಿಕೊಳ್ಳುತ್ತಿದ್ದನು. ಈ ಹಾಸ್ಯಪ್ರವೃತ್ತಿಯು ಮೋರನನ್ನು ವಧಸ್ಥಾನದಲ್ಲಿಯೂ ಬಿಟ್ಟುಹೋಗಲಿಲ್ಲ.

ಮಾರ್ಟನನ ನೆರವಿನಿಂದ ಮೋರನು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿ ಎರಡು ವರ್ಷ ಓದಿದನು. ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯ ಅವನ ಮನಸ್ಸನ್ನು ಸೆಳೆದಿತ್ತು. ಆದರೆ ಮಗನೂ ತನ್ನಂತೆ ವಕೀಲನಾಗಬೇಕೆಂಬುದು ತಂದೆಯ ಹಂಬಲ. ಮೋರನು ತಂದೆಯ ಮಾತಿಗೆ ತಲೆಬಾಗಿ ಲಂಡನ್ನಿಗೆ ಹಿಂದಿರುಗಿ ಕಾನೂನಿನ ಅಭ್ಯಾಸದಲ್ಲಿ ತೊಡಗಿದನು. ೧೪೯೬ರಲ್ಲಿ ಲಿಂಕನ್ಸ್ ಇನ್ ಎಂಬ ಪ್ರಸಿದ್ಧ ಕಾನೂನು ವಿದ್ಯಾಸಂಸ್ಥೆಯನ್ನು ಸೇರಿದನು.

ಈ ತಾರುಣ್ಯದಲ್ಲಿಯೇ ಅವನ ಮನಸ್ಸು ಎರಡು ದಿಕ್ಕಿಗೆ ತುಯ್ಯತೊಡಗಿತು. ಒಂದು ಕಡೆ ನ್ಯಾಯಾಲಯದ ವೃತ್ತಿ. ಇನ್ನೊಂದು ಕಡೆ ಸನ್ಯಾಸಜೀವನದ ಆಕರ್ಷಣೆ. ಲಂಡನ್ನಿನ ಕಾರ್ತೂಸಿಯನ್ ಮಠದ ಸನ್ಯಾಸಿಗಳ ಸಮೀಪದಲ್ಲಿ ಕೆಲವು ವರ್ಷ ವಾಸವಾಗಿದ್ದು, ಅವರ ಪ್ರಾರ್ಥನೆ ಉಪವಾಸಗಳಲ್ಲಿ ಪಾಲುಗೊಂಡನು. ಕೊನೆಗೆ, ಸಂಸಾರದಲ್ಲಿದ್ದುಕೊಂಡೇ ದೇವರ ಸೇವೆ ಮಾಡುವುದು ತನಗೆ ತಕ್ಕುದೆಂದು ನಿಶ್ಚಯಿಸಿ ಗೃಹಸ್ಥನಾದನು. ಆದರೂ ಸನ್ಯಾಸದ ಒಂದು ಗುರುತನ್ನು ಅವನು ಬಿಡಲಿಲ್ಲ. ಮೈಗೆ ಚುಚ್ಚುವ ಒರಟು ಕೂದಲಿನ ಅಂಗಿಯೊಂದನ್ನು ಒಳಗೆ ತೊಡುವ ವ್ರತವನ್ನು ಕೈಗೊಂಡು ಕೊನೆಯವರೆಗೂ ನಡೆಸಿದನು. ಮೇಲೆ ಅಧಿಕಾರದ ರೇಷ್ಮೆಯ ನಿಲುವಂಗಿ, ಒಳಗೆ ತಪಸ್ಸಿನ ಒರಟು ಬಟ್ಟೆ. ಇದು ಮನೆಯಲ್ಲಿ ಹಿರಿಯ ಮಗಳ ಹೊರತು ಹೆಚ್ಚು ಜನರಿಗೆ ತಿಳಿದಿರಲಿಲ್ಲ.

೧೫೦೫ರಲ್ಲಿ ಮೋರನು ಜೇನ್ ಕೋಲ್ಟ್ ಎಂಬ ಕನ್ಯೆಯನ್ನು ವಿವಾಹವಾದನು. ಅವರಿಗೆ ಮಾರ್ಗರೆಟ್, ಎಲಿಜಬೆತ್, ಸಿಸಿಲಿ ಎಂಬ ಮೂವರು ಹೆಣ್ಣುಮಕ್ಕಳೂ ಜಾನ್ ಎಂಬ ಮಗನೂ ಹುಟ್ಟಿದರು. ೧೫೧೧ರಲ್ಲಿ ಜೇನ್ ತೀರಿಕೊಂಡಳು. ಎಳೆಯ ಮಕ್ಕಳ ಪಾಲನೆಗಾಗಿ ಮೋರನು ಆಲಿಸ್ ಎಂಬ ವಿಧವೆಯನ್ನು ಮದುವೆಯಾದನು. ಹೆಣ್ಣುಮಕ್ಕಳಿಗೆ ವಿದ್ಯೆ ಏಕೆಂದು ದೊಡ್ಡ ಮನೆತನದವರೂ ಕೇಳುತ್ತಿದ್ದ ಆ ಕಾಲದಲ್ಲಿ ಅವನು ಮಗನಿಗೆ ಕಲಿಸಿದುದನ್ನೆಲ್ಲ ಹೆಣ್ಣುಮಕ್ಕಳಿಗೂ ಕಲಿಸಿದನು. ಹಿರಿಯ ಮಗಳಾದ ಮಾರ್ಗರೆಟ್ ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಪಾಂಡಿತ್ಯವನ್ನು ಗಳಿಸಿ, ಮಹಾವಿದ್ವಾಂಸನಾದ ಎರಾಸ್ಮಸನ ಕೃತಿಯೊಂದನ್ನು ಇಂಗ್ಲಿಷಿಗೆ ಅನುವಾದಿಸಿದಳು. ಹಾಲೆಂಡಿನ ಈ ಎರಾಸ್ಮಸನು ಮೋರನ ಆಪ್ತಮಿತ್ರ. ಯುರೋಪಿನ ವಿದ್ವಾಂಸರೆಲ್ಲ ಓದಿ ನಕ್ಕು ಚಿಂತಿಸಿದ ‘ಮೂರ್ಖತೆಯ ಪ್ರಶಸ್ತಿ’ ಎಂಬ ಗ್ರಂಥವನ್ನು ಅವನು ಬರೆದುದು ಮೋರನ ಮನೆಯಲ್ಲಿ ತಂಗಿದ್ದಾಗಲೇ.

೧೫೧೦ರಲ್ಲಿ ಮೋರನು ಲಂಡನ್ ನಗರದ ಉಪಶೆರೀಫನಾಗಿ ನೇಮಕಗೊಂಡನು. ನಗರದ ವ್ಯಾಜ್ಯಗಳನ್ನು ವಿಚಾರಿಸಿ ತೀರ್ಮಾನಿಸುವ ಹೊಣೆ ಈ ಪದವಿಗೆ ಸೇರಿದ್ದಿತು. ಮೊಕದ್ದಮೆಗಳನ್ನು ಬೇಗ ಮುಗಿಸುವುದರಲ್ಲಿ, ಕಕ್ಷಿಗಾರರು ಕೊಡಬೇಕಾದ ಶುಲ್ಕವನ್ನು ಅನೇಕ ವೇಳೆ ಬಿಟ್ಟುಬಿಡುವುದರಲ್ಲಿ ಅವನು ಹೆಸರಾದನು. ನ್ಯಾಯಪೀಠದಲ್ಲಿ ಕುಳಿತು ಕಂಡ ದೃಶ್ಯಗಳು ಅವನನ್ನು ಚಿಂತೆಗೆ ಹಚ್ಚಿದವು. ಅಂದಿನ ಇಂಗ್ಲೆಂಡಿನಲ್ಲಿ ಕಳ್ಳತನಕ್ಕೂ ಗಲ್ಲುಶಿಕ್ಷೆಯಾಗುತ್ತಿತ್ತು. ಉಣ್ಣೆಯ ವ್ಯಾಪಾರದಿಂದ ಲಾಭ ಬರುವುದನ್ನು ಕಂಡು ಜಮೀನುದಾರರು ಉಳುವ ಹೊಲಗಳಿಗೆ ಬೇಲಿ ಹಾಕಿ ಕುರಿಗಳನ್ನು ಬಿಡುತ್ತಿದ್ದರು. ನೆಲ ಕಳೆದುಕೊಂಡ ರೈತನು ಹಸಿವಿಗೆ ಕದ್ದರೆ ಅವನನ್ನು ಗಲ್ಲಿಗೇರಿಸುತ್ತಿದ್ದರು. ಬಡವನನ್ನು ಕಳ್ಳನನ್ನಾಗಿ ಮಾಡಿ, ಆಮೇಲೆ ಅದಕ್ಕಾಗಿ ಅವನನ್ನು ಕೊಲ್ಲುವುದು ಎಂಥ ನ್ಯಾಯ? ಮೋರನು ೧೫೧೬ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ‘ಯುಟೋಪಿಯ’ ಎಂಬ ಕೃತಿಯ ಮೊದಲ ಭಾಗದಲ್ಲಿ ಈ ವಿಚಾರವನ್ನೇ ಚರ್ಚಿಸಿದನು. ಎರಡನೆಯ ಭಾಗದಲ್ಲಿ ಯುಟೋಪಿಯ ಎಂಬ ಕಾಲ್ಪನಿಕ ದ್ವೀಪವೊಂದನ್ನು ವರ್ಣಿಸಿದನು. ಅಲ್ಲಿ ಕಾನೂನುಗಳು ಕೆಲವೇ. ಅವು ಎಲ್ಲರಿಗೂ ತಿಳಿಯುವಷ್ಟು ಸರಳ. ಒಬ್ಬನು ಇನ್ನೊಬ್ಬನನ್ನು ಬಲಾತ್ಕಾರದಿಂದ ತನ್ನ ಮತಕ್ಕೆ ಎಳೆಯಲು ಅಲ್ಲಿ ಅವಕಾಶವಿಲ್ಲ.

ಮೋರನ ವಿದ್ಯೆ ಮತ್ತು ವಾಕ್ಚಾತುರ್ಯಗಳು ಎಂಟನೆಯ ಹೆನ್ರಿ ದೊರೆಯ ಗಮನಕ್ಕೆ ಬರಲು ತಡವಾಗಲಿಲ್ಲ. ಅವನು ರಾಜನ ಮಂತ್ರಾಲೋಚನಾ ಸಭೆಯ ಸದಸ್ಯನಾದನು. ೧೫೨೧ರಲ್ಲಿ ಸರ್ ಪದವಿಯನ್ನು ಪಡೆದನು. ೧೫೨೩ರಲ್ಲಿ ಪಾರ್ಲಿಮೆಂಟಿನ ಕಾಮನ್ಸ್ ಸಭೆಗೆ ಅಧ್ಯಕ್ಷನಾದನು. ಆಗ ಅವನು ರಾಜನಲ್ಲಿ ಮಾಡಿಕೊಂಡ ಒಂದು ವಿನಂತಿ ಚರಿತ್ರಾರ್ಹವಾದುದು. ಸಭೆಯಲ್ಲಿ ಸದಸ್ಯರು ತಮಗೆ ಸರಿತೋರಿದುದನ್ನು ನಿರ್ಭಯವಾಗಿ ಹೇಳುವಂತಾಗಬೇಕು, ಅದಕ್ಕಾಗಿ ಯಾರೂ ರಾಜನ ಕೋಪಕ್ಕೆ ಗುರಿಯಾಗಬಾರದು ಎಂದು ಅವನು ಕೇಳಿಕೊಂಡನು. ರಾಜನಿಗೆ ಅವನ ಮೇಲೆ ಬಹಳ ಪ್ರೀತಿ. ಚೆಲ್ಸಿಯಾದಲ್ಲಿದ್ದ ಮೋರನ ಮನೆಗೆ ಹೇಳದೆ ಕೇಳದೆ ಬಂದು ಊಟ ಮಾಡಿ, ಅವನ ಕೊರಳಿನ ಮೇಲೆ ತೋಳಿರಿಸಿಕೊಂಡು ತೋಟದಲ್ಲಿ ಅಡ್ಡಾಡುತ್ತಿದ್ದನು. ಇದನ್ನು ಕಂಡು ಅಳಿಯ ವಿಲಿಯಂ ರೋಪರನು ಹಿಗ್ಗಿದಾಗ ಮೋರನು ಅವನನ್ನು ಎಚ್ಚರಿಸಿದನು. ತನ್ನ ತಲೆಯನ್ನು ಕೊಟ್ಟರೆ ಫ್ರಾನ್ಸಿನಲ್ಲಿ ಒಂದು ಕೋಟೆ ದೊರೆಯುವುದಾದರೆ ರಾಜನು ಹಿಂದೆಗೆಯುವವನಲ್ಲವೆಂದು ತಿಳಿಸಿದನು.

೧೫೨೯ರ ಅಕ್ಟೋಬರ್ ತಿಂಗಳಿನಲ್ಲಿ ಮೋರನು ಲಾರ್ಡ್ ಚಾನ್ಸಲರ್ ಪದವಿಗೇರಿದನು. ರಾಜನ ಮಹಾಮುದ್ರೆಯನ್ನು ಧರಿಸುವ ಈ ಅಧಿಕಾರಿಯೇ ಚಾನ್ಸರಿ ಎಂಬ ನ್ಯಾಯಾಲಯದ ಮುಖ್ಯಸ್ಥನೂ ಹೌದು. ಆ ನ್ಯಾಯಾಲಯದ ಸ್ವರೂಪವನ್ನು ತಿಳಿದುಕೊಳ್ಳುವುದು ಅವಶ್ಯಕ. ಇಂಗ್ಲೆಂಡಿನ ಸಾಮಾನ್ಯ ನ್ಯಾಯಾಲಯಗಳು ಕಾನೂನಿನ ಅಕ್ಷರವನ್ನು ಬಿಡದೆ ಹಿಡಿದು ತೀರ್ಪು ಕೊಡುತ್ತಿದ್ದವು. ಒಬ್ಬನು ಸಾಲವನ್ನು ತೀರಿಸಿದನೆಂದಿಟ್ಟುಕೊಳ್ಳೋಣ. ಸಾಲಪತ್ರವನ್ನು ಹಿಂದಕ್ಕೆ ಪಡೆಯಲು ಮರೆತನು. ಸಾಲ ಕೊಟ್ಟವನು ಅದೇ ಪತ್ರವನ್ನು ಮುಂದಿಟ್ಟು ಮತ್ತೆ ಹಣ ಕೇಳಿದರೆ, ಪತ್ರವಿರುವುದರಿಂದ ಹಣ ಕೊಡಲೇಬೇಕೆಂದು ಆ ನ್ಯಾಯಾಲಯಗಳು ಹೇಳುತ್ತಿದ್ದವು. ಇಂಥ ಅನ್ಯಾಯಕ್ಕೆ ಸಿಕ್ಕಿದವನು ಚಾನ್ಸಲರನ ಮೊರೆಹೊಗಬಹುದಾಗಿತ್ತು. ಚಾನ್ಸಲರನು ಕ್ರೈಸ್ತ ಧರ್ಮವು ಬೋಧಿಸುವ ಅಂತಃಸಾಕ್ಷಿಯ ನಿಯಮವನ್ನು ಆಧಾರವಾಗಿಟ್ಟುಕೊಂಡು, ಸಾಲಗಾರನನ್ನು ಪೀಡಿಸಕೂಡದೆಂದು ಧಣಿಗೆ ತಡೆಯಾಜ್ಞೆ ಕೊಡುತ್ತಿದ್ದನು. ಕಾನೂನಿನ ಕಾಠಿಣ್ಯವನ್ನು ಧರ್ಮಬುದ್ಧಿಯಿಂದ ಮೃದುಗೊಳಿಸುವ ಈ ಪೀಠವು ಮೋರನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು.

ಈ ತಡೆಯಾಜ್ಞೆಗಳಿಂದ ಉಳಿದ ನ್ಯಾಯಾಧೀಶರಿಗೆ ಅಸಮಾಧಾನವಾಯಿತು. ಮೋರನು ಅವರೆಲ್ಲರನ್ನೂ ಊಟಕ್ಕೆ ಕರೆದನು. ಊಟವಾದ ಮೇಲೆ ತಾನು ಹೊರಡಿಸಿದ ಆಜ್ಞೆಗಳನ್ನು ಒಂದೊಂದಾಗಿ ಮುಂದಿಟ್ಟು ಕಾರಣಗಳನ್ನು ವಿವರಿಸಿದನು. ತಾವಾಗಿದ್ದರೂ ಬೇರೆ ರೀತಿಯಲ್ಲಿ ನಡೆಯುತ್ತಿರಲಿಲ್ಲವೆಂದು ಅವರು ಒಪ್ಪಿಕೊಳ್ಳಬೇಕಾಯಿತು. ಹಾಗಾದರೆ ನಿಮ್ಮ ನ್ಯಾಯಾಲಯಗಳಲ್ಲಿ ನೀವೇ ವಿವೇಚನೆಯಿಂದ ಕಾನೂನಿನ ಬಿಗಿಯನ್ನು ಸಡಿಲಿಸಿರಿ, ನಾನು ಇನ್ನು ಮುಂದೆ ತಡೆಯಾಜ್ಞೆಯನ್ನೇ ಹೊರಡಿಸುವುದಿಲ್ಲ ಎಂದು ಮೋರನು ಸೂಚಿಸಿದನು. ಅವರು ಆ ಹೊಣೆಯನ್ನು ಹೊರಲು ಒಪ್ಪಲಿಲ್ಲ. ತೀರ್ಪಿನ ಭಾರವನ್ನು ಜ್ಯೂರಿಯವರ ಮೇಲೆ ಹಾಕಿ ತಾವು ನಿಶ್ಚಿಂತರಾಗಿರಲು ಅವರು ಬಯಸುತ್ತಾರೆಂಬುದು ಮೋರನಿಗೆ ಮನವರಿಕೆಯಾಯಿತು.

ನ್ಯಾಯಪೀಠದಲ್ಲಿ ಅವನಿಗೆ ತನ್ನವರು, ಪರರು ಎಂಬ ಭೇದವಿರಲಿಲ್ಲ. ಅಳಿಯಂದಿರಲ್ಲಿ ಒಬ್ಬನಾದ ಜೈಲ್ಸ್ ಹೆರನನು ಮಾವನ ಬಲವನ್ನು ನಂಬಿ, ವ್ಯಾಜ್ಯವನ್ನು ರಾಜಿ ಮಾಡಿಕೊಳ್ಳಲು ಒಪ್ಪದೆ ಹಟ ಹಿಡಿದನು. ಮೋರನು ಅವನ ವಿರುದ್ಧವಾಗಿಯೇ ತೀರ್ಪಿತ್ತನು. ಒಂದು ಕಡೆ ತನ್ನ ತಂದೆಯೂ ಮತ್ತೊಂದು ಕಡೆ ಸೈತಾನನೂ ನಿಂತು, ನ್ಯಾಯವು ಸೈತಾನನ ಕಡೆಗಿದ್ದರೆ ಅವನಿಗೇ ಜಯ ದೊರೆಯಬೇಕೆಂಬುದು ಅವನ ನಿಲುವು. ಅದೇ ತಂದೆಯನ್ನು ಕಂಡರೆ ಅವನಿಗೆ ಅಪಾರ ಭಕ್ತಿ. ಚಾನ್ಸಲರನಾದ ಮೇಲೂ, ವೃದ್ಧ ತಂದೆಯು ಕುಳಿತಿರುತ್ತಿದ್ದ ನ್ಯಾಯಾಲಯದ ಮುಂದೆ ಹಾದುಹೋಗುವಾಗ ಒಳಗೆ ಹೋಗಿ ಎಲ್ಲರೆದುರಿಗೆ ಮೊಣಕಾಲೂರಿ ಆಶೀರ್ವಾದ ಬೇಡುತ್ತಿದ್ದನು. ಅವನು ಲಂಚಕ್ಕೆ ಕೈಚಾಚಿದವನೂ ಅಲ್ಲ. ವ್ಯಾಜ್ಯದಲ್ಲಿ ಗೆದ್ದ ವಿಧವೆಯೊಬ್ಬಳು ಹೊಸ ವರ್ಷದ ಕಾಣಿಕೆಯಾಗಿ ಒಂದು ಜೊತೆ ಕೈಗವಸುಗಳಲ್ಲಿ ನಲವತ್ತು ಪೌಂಡು ಬೆಲೆಯ ಚಿನ್ನದ ನಾಣ್ಯಗಳನ್ನು ತುಂಬಿ ತಂದಳು. ಹೆಣ್ಣುಮಗಳ ಕಾಣಿಕೆಯನ್ನು ನಿರಾಕರಿಸುವುದು ಸೌಜನ್ಯವಲ್ಲವೆಂದು ಮೋರನು ಕೈಗವಸುಗಳನ್ನು ಇರಿಸಿಕೊಂಡು, ನಾಣ್ಯಗಳನ್ನು ಅವಳ ಕೈಗೇ ಸುರಿದು ಕಳುಹಿಸಿದನು.

ಆದರೆ ಈ ನ್ಯಾಯಮೂರ್ತಿಯ ಬಾಳಿನಲ್ಲಿ ಮರೆಮಾಚಲಾಗದ ಒಂದು ಕಲೆಯೂ ಇದೆ. ಮಾರ್ಟಿನ್ ಲೂಥರನ ಸುಧಾರಣಾವಾದವು ಜರ್ಮನಿಯಿಂದ ಇಂಗ್ಲೆಂಡಿಗೂ ಹಬ್ಬುತ್ತಿದ್ದ ಕಾಲವದು. ಚರ್ಚಿನ ಬೋಧನೆಯನ್ನು ಧಿಕ್ಕರಿಸಿ, ತಿದ್ದಿಕೊಳ್ಳಲು ಒಪ್ಪದವರನ್ನು ಜೀವಸಹಿತ ಸುಡಲು ೧೪೦೧ರ ಕಾನೂನು ಅವಕಾಶ ಕೊಟ್ಟಿತ್ತು. ಹೊಸ ಮತವು ಕ್ರೈಸ್ತ ಸಮಾಜವನ್ನು ಒಡೆದು ರಕ್ತಪಾತಕ್ಕೆ ಎಡೆಗೊಡುವುದೆಂದು ಮೋರನು ದೃಢವಾಗಿ ನಂಬಿದ್ದನು. ಅವನು ಸುಧಾರಣಾವಾದಿಗಳ ವಿರುದ್ಧ ಕಟುವಾದ ಗ್ರಂಥಗಳನ್ನು ಬರೆದನು. ಅವರ ಪುಸ್ತಕಗಳನ್ನು ತಂದು ಹಂಚುತ್ತಿದ್ದವರನ್ನು ಹುಡುಕಿಸಿ ಹಿಡಿಸಿದನು. ಅವನು ಚಾನ್ಸಲರನಾಗಿದ್ದ ಅವಧಿಯಲ್ಲಿ ಆರು ಮಂದಿ ಚಿತೆಯೇರಿದರು. ಅವರಲ್ಲಿ ಕೆಲವರ ಬಂಧನ ವಿಚಾರಣೆಗಳಲ್ಲಿ ಅವನು ತಾನೇ ಭಾಗವಹಿಸಿದ್ದನು. ಆ ಶಿಕ್ಷೆಗಳು ಅಂದಿನ ಕಾನೂನಿಗೆ ಅನುಗುಣವಾಗಿದ್ದವೆಂಬುದು ನಿಜ. ಆದರೆ ಸತ್ತವರೂ ತಮ್ಮ ದೇವರಿಗೆ, ತಮ್ಮ ಅಂತಃಸಾಕ್ಷಿಗೆ ನಿಷ್ಠರಾಗಿದ್ದವರೇ. ಯುಟೋಪಿಯದ ಜನರಿಗೆ ಕೊಟ್ಟ ಸ್ವಾತಂತ್ರ್ಯವನ್ನು ಮೋರನು ತನ್ನ ನಾಡಿನವರಿಗೆ ಕೊಡಲಿಲ್ಲ.

ಇಷ್ಟರಲ್ಲಿ ರಾಜನ ಮನೆಯಲ್ಲಿಯೇ ಬಿರುಗಾಳಿ ಎದ್ದಿತು. ಹೆನ್ರಿಯು ೧೫೦೯ರಲ್ಲಿ ತನ್ನ ಅಣ್ಣನ ವಿಧವೆಯಾದ ಸ್ಪೇನಿನ ರಾಜಕುಮಾರಿ ಕ್ಯಾಥರೀನಳನ್ನು ಪೋಪ್ ಗುರುವಿನ ವಿಶೇಷ ಅನುಮತಿಯಿಂದ ಮದುವೆಯಾಗಿದ್ದನು. ಅವಳಲ್ಲಿ ಗಂಡುಸಂತಾನ ಉಳಿಯಲಿಲ್ಲ. ಮೇರಿ ಎಂಬ ಮಗಳು ಮಾತ್ರ ಬದುಕಿದಳು. ಹೆನ್ರಿಗೆ ಆನ್ ಬೊಲಿನ್ ಎಂಬುವಳಲ್ಲಿ ಮನಸ್ಸು ನಿಂತಿತು. ಮೊದಲ ಮದುವೆಯೇ ಧರ್ಮಬಾಹಿರವೆಂದು ಘೋಷಿಸಬೇಕೆಂದು ಅವನು ಪೋಪನನ್ನು ಕೇಳಿದನು. ಪೋಪ್ ಏಳನೆಯ ಕ್ಲೆಮೆಂಟನು ಒಪ್ಪಲಿಲ್ಲ. ಆಗ ಹೆನ್ರಿಯು ಇಂಗ್ಲೆಂಡಿನ ಚರ್ಚನ್ನು ಪೋಪನ ಅಧಿಕಾರದಿಂದ ಬಿಡಿಸಿ ತನ್ನ ಕೈಗೆ ತೆಗೆದುಕೊಳ್ಳಲು ಹೊರಟನು. ೧೫೩೨ರ ಮೇ ೧೫ರಂದು ಧರ್ಮಗುರುಗಳ ಸಭೆಯು ರಾಜನಿಗೆ ಶರಣಾಯಿತು. ಮರುದಿನವೇ ಮೋರನು ಮಹಾಮುದ್ರೆಯನ್ನು ರಾಜನಿಗೆ ಒಪ್ಪಿಸಿ ಪದವಿಯಿಂದ ನಿವೃತ್ತನಾದನು. ಆದಾಯ ಕುಗ್ಗಿತು, ಮನೆಯ ಪರಿವಾರವನ್ನು ಕಡಿಮೆ ಮಾಡಬೇಕಾಯಿತು. ಅವನು ರಾಜನನ್ನು ಎಲ್ಲಿಯೂ ನಿಂದಿಸಲಿಲ್ಲ; ಬಾಯಿಮುಚ್ಚಿಕೊಂಡು ಮನೆಯಲ್ಲಿ ಉಳಿದನು. ಆದರೆ ೧೫೩೩ರ ಜೂನ್ ೧ರಂದು ಆನ್ ಬೊಲಿನಳಿಗೆ ರಾಣಿಯ ಪಟ್ಟವಾದಾಗ ಅವನು ಆ ಸಮಾರಂಭಕ್ಕೆ ಹೋಗಲಿಲ್ಲ. ರಾಜನು ಇದನ್ನು ಮರೆಯಲಿಲ್ಲ.

೧೫೩೪ರಲ್ಲಿ ಪಾರ್ಲಿಮೆಂಟು ಉತ್ತರಾಧಿಕಾರದ ಶಾಸನವನ್ನು ಅಂಗೀಕರಿಸಿತು. ಆನ್ ಬೊಲಿನಳ ಮಕ್ಕಳೇ ಸಿಂಹಾಸನಕ್ಕೆ ಹಕ್ಕುದಾರರೆಂದು ಪ್ರಜೆಗಳು ಪ್ರಮಾಣ ಮಾಡಬೇಕಾಯಿತು. ಏಪ್ರಿಲ್ ೧೩ರಂದು ಮೋರನನ್ನು ಲ್ಯಾಂಬೆತ್ ಅರಮನೆಗೆ ಕರೆಸಿದರು. ಅವನು ಶಾಸನವನ್ನೂ ಪ್ರಮಾಣವಚನವನ್ನೂ ಎಚ್ಚರಿಕೆಯಿಂದ ಓದಿ ಹೋಲಿಸಿ ನೋಡಿದನು. ಯಾರು ಪಟ್ಟಕ್ಕೆ ಬರಬೇಕೆಂದು ನಿಶ್ಚಯಿಸುವ ಅಧಿಕಾರ ಪಾರ್ಲಿಮೆಂಟಿಗೆ ಉಂಟು. ಅದಕ್ಕೆ ಪ್ರಮಾಣ ಮಾಡಲು ತಾನು ಸಿದ್ಧನೆಂದನು. ಆದರೆ ಆ ಪ್ರಮಾಣದಲ್ಲಿ ಮೊದಲ ಮದುವೆ ಅಸಿಂಧುವೆಂಬುದನ್ನೂ ಪೋಪನ ಅಧಿಕಾರ ಇಲ್ಲವೆಂಬುದನ್ನೂ ಒಪ್ಪಿದಂತಾಗುತ್ತಿತ್ತು. ಅದಕ್ಕೆ ಅವನ ಅಂತಃಸಾಕ್ಷಿ ಒಪ್ಪಲಿಲ್ಲ. ಪ್ರಮಾಣ ಮಾಡಿದವರನ್ನು ತಾನು ದೂಷಿಸುವುದಿಲ್ಲವೆಂದೂ, ತನಗೆ ಮಾತ್ರ ಅದು ಸಾಧ್ಯವಿಲ್ಲವೆಂದೂ ಹೇಳಿ, ಕಾರಣವನ್ನು ವಿವರಿಸದೆ ಸುಮ್ಮನಾದನು. ಏಪ್ರಿಲ್ ೧೭ರಂದು ಅವನನ್ನು ಲಂಡನ್ ಟವರ್ ಎಂಬ ಕೋಟೆಯ ಸೆರೆಯಲ್ಲಿರಿಸಿದರು.

ಸೆರೆಮನೆಯಲ್ಲಿ ಅವನು ಹದಿನಾಲ್ಕು ತಿಂಗಳಿಗೂ ಹೆಚ್ಚು ಕಾಲ ಕಳೆದನು. ಆರೋಗ್ಯ ಕೆಟ್ಟಿತು, ಗಡ್ಡ ಬೆಳೆಯಿತು. ಹೆಂಡತಿ ಆಲಿಸಳು ಬಂದು, ಚೆಲ್ಸಿಯಾದ ಚೆಂದದ ಮನೆ, ಗ್ರಂಥಭಂಡಾರ, ತೋಟ, ಮಡದಿ ಮಕ್ಕಳನ್ನು ಬಿಟ್ಟು ಇಲಿ ಹೆಗ್ಗಣಗಳ ನಡುವೆ ಬಿದ್ದಿರುವುದು ಯಾವ ಬುದ್ಧಿವಂತಿಕೆಯೆಂದು ಗದರಿದಳು. ನಮ್ಮ ಮನೆಯಷ್ಟೇ ಈ ಮನೆಯೂ ಸ್ವರ್ಗಕ್ಕೆ ಹತ್ತಿರವಲ್ಲವೇ ಎಂದು ಅವನು ನಗುತ್ತ ಕೇಳಿದನು. ಮಗಳು ಮಾರ್ಗರೆಟಳ ಕಣ್ಣೀರನ್ನು ಎದುರಿಸುವುದು ಇದಕ್ಕಿಂತ ಕಷ್ಟವಾಗಿತ್ತು. ಅವಳು ದೇವರ ಆಜ್ಞೆಗೆ ವಿರೋಧವಾಗದಷ್ಟು ಮಟ್ಟಿಗೆ ಎಂಬ ಷರತ್ತಿನೊಡನೆ ಪ್ರಮಾಣ ಮಾಡಿದ್ದಳು. ತಂದೆಯೂ ಹೇಗಾದರೂ ಮಾಡಿ ಬದುಕಿಕೊಳ್ಳಲಿ ಎಂಬುದು ಅವಳ ಆಸೆ. ಅವನು ಮಗಳನ್ನು ಸಂತೈಸಿದನಲ್ಲದೆ ತನ್ನ ನಿರ್ಧಾರವನ್ನು ಸಡಿಲಿಸಲಿಲ್ಲ. ೧೫೩೫ರ ಮೇ ೪ರಂದು ತಂದೆಯೂ ಮಗಳೂ ಕಿಟಕಿಯಿಂದ ನೋಡುತ್ತಿದ್ದಂತೆಯೇ ಕಾರ್ತೂಸಿಯನ್ ಸನ್ಯಾಸಿಗಳನ್ನು ವಧೆಗೆ ಎಳೆದೊಯ್ದರು. ಯೌವನದಲ್ಲಿ ಯಾರ ನೆರೆಯಲ್ಲಿ ಪ್ರಾರ್ಥಿಸಿದ್ದನೋ ಅದೇ ಪಂಥದವರು ಸಂತೋಷದಿಂದ ಸಾವಿಗೆ ನಡೆಯುವುದನ್ನು ಅವನು ಮಗಳಿಗೆ ತೋರಿಸಿದನು. ಮುಂದೆ ಅವನ ಪುಸ್ತಕಗಳನ್ನೂ ಬರವಣಿಗೆಯ ಸಾಧನಗಳನ್ನೂ ಕಸಿದುಕೊಂಡಾಗ ಇದ್ದಿಲಿನ ತುಂಡಿನಿಂದ ಪತ್ರಗಳನ್ನು ಬರೆದನು.

ಅಷ್ಟರಲ್ಲಿ ರಾಜನೇ ಇಂಗ್ಲೆಂಡಿನ ಚರ್ಚಿನ ಪರಮಾಧಿಕಾರಿಯೆಂದು ಮತ್ತೊಂದು ಶಾಸನವಾಗಿತ್ತು. ದ್ವೇಷಬುದ್ಧಿಯಿಂದ ರಾಜನ ಈ ಬಿರುದನ್ನು ಮಾತಿನಿಂದಲಾದರೂ ಅಲ್ಲಗಳೆಯುವುದು ರಾಜದ್ರೋಹವೆಂದೂ, ಅದಕ್ಕೆ ಮರಣದಂಡನೆಯೆಂದೂ ವಿಧಿಸಲಾಗಿತ್ತು. ಮೋರನು ನುರಿತ ವಕೀಲ. ಶಾಸನವು ಮಾತನ್ನು ಶಿಕ್ಷಿಸುತ್ತದೆ, ಮೌನವನ್ನು ಶಿಕ್ಷಿಸಲಾರದು ಎಂಬುದು ಅವನಿಗೆ ಗೊತ್ತಿತ್ತು. ರಾಜನ ಮಂತ್ರಿಗಳು ಮತ್ತೆ ಮತ್ತೆ ಬಂದು ಪ್ರಶ್ನಿಸಿದರೂ ಅವನು ರಾಜನ ಬಿರುದಿನ ವಿಷಯದಲ್ಲಿ ತುಟಿ ಬಿಚ್ಚಲಿಲ್ಲ. ಸಾವನ್ನು ತಾನಾಗಿ ಹುಡುಕಿಕೊಂಡು ಹೋಗುವುದು ಅವನಿಗೆ ಧರ್ಮವೆನಿಸಲಿಲ್ಲ. ಕಾನೂನು ಕೊಡುವ ರಕ್ಷಣೆಯನ್ನು ಕೊನೆಯವರೆಗೂ ಬಳಸಿಕೊಳ್ಳುವುದು, ಅದೂ ಮುರಿದರೆ ಆಗ ದೇವರಿಗೆ ಒಪ್ಪಿಸಿಕೊಳ್ಳುವುದು, ಇದೇ ಅವನ ಮಾರ್ಗ.

೧೫೩೫ರ ಜುಲೈ ೧ರಂದು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ವಿಚಾರಣೆ ನಡೆಯಿತು. ತಾನು ಒಮ್ಮೆ ನ್ಯಾಯಾಧೀಶನಾಗಿ ಪ್ರವೇಶಿಸುತ್ತಿದ್ದ ಆ ಮಹಾಸಭಾಂಗಣಕ್ಕೆ ಮೋರನು ಈಗ ಆಪಾದಿತನಾಗಿ ಬಂದನು. ತೀರ್ಪು ಕೊಡಲು ಕುಳಿತಿದ್ದವರಲ್ಲಿ ಆನ್ ಬೊಲಿನಳ ತಂದೆಯೂ ಸಹೋದರನೂ ಇದ್ದರು. ಮೋರನ ಮೌನವೇ ಅವನ ದ್ವೇಷಕ್ಕೆ ಸಾಕ್ಷಿಯೆಂದು ರಾಜನ ಪರವಾಗಿ ವಾದಿಸಲಾಯಿತು. ಮೌನವು ಸಮ್ಮತಿಯ ಲಕ್ಷಣವೆಂಬ ಮಾತು ನಮ್ಮಲ್ಲಿಯೂ ಉಂಟಷ್ಟೆ. ಯುರೋಪಿನ ನ್ಯಾಯಶಾಸ್ತ್ರದಲ್ಲಿಯೂ ಅದೇ ಸೂತ್ರವಿತ್ತು. ಕಾನೂನಿನ ಪ್ರಕಾರ ತನ್ನ ಮೌನವನ್ನು ಒಪ್ಪಿಗೆಯೆಂದು ತಿಳಿಯಬೇಕೇ ಹೊರತು ನಿರಾಕರಣೆಯೆಂದಲ್ಲ ಎಂದು ಮೋರನು ಉತ್ತರಿಸಿದನು. ಈ ವಾದಕ್ಕೆ ಎದುರು ಹೇಳುವುದು ಕಷ್ಟವಾಯಿತು.

ಆಗ ರಿಚರ್ಡ್ ರಿಚ್ ಎಂಬ ಸರಕಾರಿ ವಕೀಲನು ಸಾಕ್ಷಿಗೆ ನಿಂತನು. ಮೋರನ ಪುಸ್ತಕಗಳನ್ನು ಒಯ್ಯಲು ಅವನು ಸೆರೆಮನೆಗೆ ಹೋಗಿದ್ದಾಗ ಇಬ್ಬರ ನಡುವೆ ಕಾನೂನಿನ ಬಗೆಗೆ ಮಾತುಕತೆ ನಡೆದಿತ್ತು. ಪಾರ್ಲಿಮೆಂಟಿಗೆ ರಾಜನನ್ನು ಚರ್ಚಿನ ಮುಖ್ಯಸ್ಥನನ್ನಾಗಿ ಮಾಡುವ ಅಧಿಕಾರವಿಲ್ಲವೆಂದು ಮೋರನು ಆಗ ಹೇಳಿದನೆಂದು ರಿಚ್ ಪ್ರಮಾಣ ಮಾಡಿ ನುಡಿದನು. ಇದು ಸುಳ್ಳು ಸಾಕ್ಷಿಯೆಂದು ಮೋರನು ಖಂಡಿಸಿದನು. ರಾಜನಿಗೂ ಅವನ ಮಂತ್ರಿಗಳಿಗೂ ಬಿಚ್ಚಿ ಹೇಳದ ಮನಸ್ಸಿನ ಗುಟ್ಟನ್ನು, ತನಗೆ ಎಂದೂ ನಂಬಿಕೆಯಿಲ್ಲದ ಇಂಥವನಲ್ಲಿ ಹೇಳುವೆನೇ ಎಂದು ಪ್ರಶ್ನಿಸಿದನು. ಅಂದು ಅದೇ ಕೋಣೆಯಲ್ಲಿದ್ದ ಇನ್ನಿಬ್ಬರನ್ನು ವಿಚಾರಿಸಿದಾಗ, ತಾವು ಪುಸ್ತಕಗಳನ್ನು ಚೀಲಕ್ಕೆ ತುಂಬುವುದರಲ್ಲಿ ತೊಡಗಿದ್ದೆವು, ಮಾತಿನ ಕಡೆ ಗಮನವಿರಲಿಲ್ಲ ಎಂದು ಜಾರಿಕೊಂಡರು. ಆದರೂ ಜ್ಯೂರಿಯವರು ಕಾಲು ಗಂಟೆಯಲ್ಲಿ ಮರಳಿ ಬಂದು ಮೋರನು ಅಪರಾಧಿಯೆಂದು ಸಾರಿದರು.

ಕಾನೂನಿನ ರಕ್ಷಣೆ ಮುರಿದುಬಿದ್ದಿತು. ಇನ್ನು ಮೌನಕ್ಕೆ ಕಾರಣವಿರಲಿಲ್ಲ. ಶಿಕ್ಷೆಯನ್ನು ವಿಧಿಸಲು ಆತುರಪಟ್ಟ ಚಾನ್ಸಲರನನ್ನು ತಡೆದು, ತೀರ್ಪಿಗೆ ಮೊದಲು ಆಪಾದಿತನ ಮಾತನ್ನು ಕೇಳುವುದು ತನ್ನ ಕಾಲದ ಪದ್ಧತಿಯಾಗಿತ್ತೆಂದು ಮೋರನು ನೆನಪಿಸಿದನು. ಅನಂತರ ಮನಸ್ಸನ್ನು ತೆರೆದು ಮಾತನಾಡಿದನು. ಈ ಶಾಸನವು ದೇವರ ನಿಯಮಕ್ಕೂ ಚರ್ಚಿನ ನಿಯಮಕ್ಕೂ ವಿರುದ್ಧವಾದುದು; ಒಂದು ನಗರವು ಇಡೀ ರಾಜ್ಯದ ಕಾನೂನಿಗೆ ವಿರೋಧವಾಗಿ ಕಾನೂನು ಮಾಡಲಾಗದಂತೆ, ಒಂದು ರಾಜ್ಯವು ಇಡೀ ಕ್ರೈಸ್ತ ಲೋಕಕ್ಕೆ ವಿರೋಧವಾಗಿ ಕಾನೂನು ಮಾಡಲಾರದು; ಚರ್ಚಿನ ಸ್ವಾತಂತ್ರ್ಯವನ್ನು ಕಾಪಾಡುವುದಾಗಿ ಮ್ಯಾಗ್ನ ಕಾರ್ಟ ಸನ್ನದೇ ವಚನ ಕೊಟ್ಟಿದೆ ಎಂದು ವಾದಿಸಿದನು. ಕೊನೆಯಲ್ಲಿ ಅವನು ಆಡಿದುದು ಶಾಪದ ಮಾತಲ್ಲ. ಸ್ಟೀಫನನನ್ನು ಕಲ್ಲೆಸೆದು ಕೊಂದಾಗ ಪೌಲನು ಸಮ್ಮತಿಸಿ ನಿಂತಿದ್ದನು. ಆದರೂ ಇಬ್ಬರೂ ಸ್ವರ್ಗದಲ್ಲಿ ಸ್ನೇಹಿತರಾಗಿದ್ದಾರೆ. ಅದರಂತೆ ತಾನೂ ತನಗೆ ಶಿಕ್ಷೆ ವಿಧಿಸಿದವರೂ ಅಲ್ಲಿ ಸಂತೋಷದಿಂದ ಸೇರುವಂತಾಗಲಿ ಎಂದು ಹಾರೈಸಿದನು.

ಸೆರೆಮನೆಗೆ ಹಿಂದಿರುಗುವ ದಾರಿಯಲ್ಲಿ ಮಾರ್ಗರೆಟಳು ಕಾದು ನಿಂತಿದ್ದಳು. ಆಯುಧಧಾರಿಗಳಾದ ಕಾವಲುಗಾರರ ನಡುವೆ ನುಗ್ಗಿ, ಎಲ್ಲರೆದುರಿಗೆ ತಂದೆಯನ್ನು ತಬ್ಬಿಕೊಂಡು ಮುತ್ತಿಟ್ಟಳು. ಹತ್ತು ಹೆಜ್ಜೆ ಹೋದವಳು ತಡೆಯಲಾರದೆ ಮತ್ತೆ ಓಡಿಬಂದು ಅಪ್ಪಿಕೊಂಡಳು. ನೋಡುತ್ತಿದ್ದವರ ಕಣ್ಣುಗಳು ಒದ್ದೆಯಾದವು.

೧೫೩೫ರ ಜುಲೈ ೬ರಂದು ಬೆಳಗ್ಗೆ ಮೋರನನ್ನು ಟವರ್ ಹಿಲ್ ಎಂಬ ವಧಸ್ಥಾನಕ್ಕೆ ಕರೆತಂದರು. ವಧಾಮಂಚವು ಗಟ್ಟಿಯಾಗಿರಲಿಲ್ಲ. ಹತ್ತುವುದಕ್ಕೆ ಮಾತ್ರ ನೆರವಾಗಿ, ಇಳಿಯುವ ಚಿಂತೆಯನ್ನು ನನಗೆ ಬಿಡಿ ಎಂದು ಅವನು ಅಧಿಕಾರಿಯೊಡನೆ ವಿನೋದವಾಡಿದನು. ತಾನು ರಾಜನ ನಿಷ್ಠಾವಂತ ಸೇವಕನಾಗಿಯೇ ಸಾಯುತ್ತಿರುವುದಾಗಿಯೂ, ಆದರೆ ದೇವರ ಸೇವೆಗೆ ಮೊದಲ ಸ್ಥಾನವೆಂದೂ ನೆರೆದವರಿಗೆ ತಿಳಿಸಿ, ಪ್ರಾರ್ಥಿಸಿ, ಕೊಡಲಿಗೆ ತಲೆಯೊಡ್ಡಿದನು. ಲಂಡನ್ ಸೇತುವೆಯ ಮೇಲೆ ಪ್ರದರ್ಶನಕ್ಕಿಟ್ಟಿದ್ದ ಅವನ ಶಿರಸ್ಸನ್ನು ಮಾರ್ಗರೆಟಳು ಪಡೆದು ತನ್ನಲ್ಲಿ ಕಾಪಾಡಿಕೊಂಡಳು.

ಮುಂದೆ ಒಂದು ವರ್ಷವೂ ತುಂಬುವ ಮೊದಲೇ ಆನ್ ಬೊಲಿನಳೂ ವಧೆಗೆ ಗುರಿಯಾದಳು. ಈ ಶಾಸನಗಳನ್ನೆಲ್ಲ ಮುಂದೆ ನಿಂತು ಮಾಡಿಸಿದ ಮಂತ್ರಿ ಥಾಮಸ್ ಕ್ರಾಮ್‌ವೆಲ್ಲನನ್ನು ೧೫೪೦ರಲ್ಲಿ ವಿಚಾರಣೆಯೇ ಇಲ್ಲದೆ ಕೊಲ್ಲಿಸಲಾಯಿತು. ನ್ಯಾಯದಿಂದ ಬೇರ್ಪಟ್ಟ ಕಾನೂನು ಅದನ್ನು ಹರಿತಗೊಳಿಸಿದವರನ್ನೂ ಉಳಿಸಲಿಲ್ಲ. ಕ್ಯಾಥೊಲಿಕ್ ಚರ್ಚು ೧೯೩೫ರಲ್ಲಿ ಮೋರನನ್ನು ಸಂತನೆಂದು ಘೋಷಿಸಿತು. ೨೦೦೦ದಲ್ಲಿ ರಾಜನೀತಿಜ್ಞರ ಪಾಲಕ ಸಂತನೆಂದು ಸಾರಿತು.

ಸಂತರ ಬಾಳೂ ದೋಷರಹಿತವಲ್ಲ. ಕಾನೂನು ಮನುಷ್ಯನ ನಡತೆಯನ್ನು ಆಳಬಹುದು. ಅವನ ಮನಸ್ಸಿನ ಒಳಗುಡಿಯನ್ನು ಹೊಕ್ಕು ಇದನ್ನೇ ನಂಬು, ಇದನ್ನು ನಂಬಬೇಡ ಎಂದು ಆಜ್ಞಾಪಿಸಲು ಹೊರಟರೆ ಅದು ಅನ್ಯಾಯವಾಗುತ್ತದೆ. ಈ ಸತ್ಯಕ್ಕಾಗಿ ಮೋರನು ತನ್ನ ಪ್ರಾಣವನ್ನು ಕೊಟ್ಟನು. ಅಧಿಕಾರದಲ್ಲಿದ್ದಾಗ ಅದೇ ಸತ್ಯವನ್ನು ತನ್ನ ಎದುರಾಳಿಗಳ ವಿಷಯದಲ್ಲಿ ಅವನು ಕಾಣಲಿಲ್ಲ. ತನ್ನ ಅಂತಃಸಾಕ್ಷಿಗಾಗಿ ಸಾಯುವ ಧೈರ್ಯ ದೊಡ್ಡದು. ತನಗೆ ಒಪ್ಪಿಗೆಯಾಗದ ಇನ್ನೊಬ್ಬನ ಅಂತಃಸಾಕ್ಷಿಯನ್ನು ಗೌರವಿಸುವ ಧೈರ್ಯ ಅದಕ್ಕಿಂತಲೂ ದೊಡ್ಡದು. ಮೊದಲನೆಯದನ್ನು ಮೋರನ ಸಾವಿನಿಂದ ಕಲಿಯಬಹುದು. ಎರಡನೆಯದನ್ನು ಅವನ ತಪ್ಪಿನಿಂದ ಕಲಿಯಬಹುದು.